ಅಮಾವಾಸ್ಯೆಗೊಮ್ಮೆ ಸಾಯುತ್ತಿದ್ದವರು

ಆಚಾರ್ರು ತೀರಿಕೊಂಡರು ಎಂದು ಅಮ್ಮ ಫೋನ್ ಮಾಡಿದಾಗ ನಾನು ಕೆ.ಆರ್. ಪೇಟೆಯ ಕಾಲೇಜಿನಲ್ಲಿ ಪಾಠ ಮುಗಿಸಿ ಊಟದ ಡಬ್ಬಿ ತೆರೆಯುತ್ತಿದ್ದೆ. ಹೇಗಾಯಿತು, ಯಾವಾಗ ಎಂದು ಎಲ್ಲರೂ ಕೇಳುವ ಪ್ರಶ್ನೆ ನನ್ನ ಬಾಯಿಗೆ ಬರಲಿಲ್ಲ. "ಇವತ್ತು ಅಮಾವಾಸ್ಯೆನಾ?" ಎಂದು ಕೇಳಿದೆ.

"ಅಮಾಸೆ ಓಗಿ ಎಷ್ಟ್ ದಿನ ಆಯ್ತು. ಯಾಕೆ?"

"ಹಾಗಾದ್ರೆ ನಿಜವಾಗ್ಲೂ ಸತ್ತಿದ್ದಾರೆ," ಎಂದೆ.

"ವಾದ ಮಾಡೀ ಮಾಡೀ ನಿಂಗೆ ತಲೆ ಕೆಟ್ಟೈತೆ ಕಣೆ," ಎಂದು ಅಮ್ಮ ಫೋನ್ ಇಟ್ಟರು.

ಕೆಟ್ಟಿರಲಿಲ್ಲ. ಆ ಹೊತ್ತಿಗೆ ಕೇಳಬೇಕಾದ ಸರಿಯಾದ ಪ್ರಶ್ನೆ ಅದೇ. ಆ ಮನುಷ್ಯ ಎರಡು ವರ್ಷದಿಂದ ಪ್ರತಿ ಅಮಾವಾಸ್ಯೆಯ ಮಧ್ಯಾಹ್ನ ಸಾಯುತ್ತಿದ್ದರು, ಸಂಜೆ ಕಾಫಿಯ ಹೊತ್ತಿಗೆ ಎದ್ದು ಕೂರುತ್ತಿದ್ದರು. ಅದಕ್ಕೆ ಸಾಕ್ಷಿ ನಾನು.

ಶ್ರೀರಂಗಪಟ್ಟಣದ ಕೋಟೆಯೊಳಗೆ, ನಮ್ಮ ಮನೆಗೆ ಎರಡು ಬಾಗಿಲು ಆಚೆ ಅವರದು. ಬೀದಿ ಕಡೆಯ ಕೋಣೆಯೇ ಕೆಲಸದ ಜಾಗ: ಒಂದು ಅಗ್ಗಿಷ್ಟಿಕೆ, ಒಂದು ಮರದ ದಿಮ್ಮಿ, ಕೂತು ಕೂತು ಸವೆದ ಚಾಪೆ. ಹುಟ್ಟಿದ್ದು ನಾಗಮಂಗಲದ ಅಕ್ಕಸಾಲಿಗರ ಮನೆಯಲ್ಲಿ, ಮದುವೆಯಾದ ಮೇಲೆ ಇಲ್ಲಿಗೆ ಬಂದವರು. ಓಣಿಗೆಲ್ಲ ಅವರು ಆಚಾರ್ರು. ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಮಕ್ಕಳಿರಲಿಲ್ಲ.

ಆಚಾರ್ರ ಕೈಗೆ ಏನು ಸಿಕ್ಕರೂ ಉಗುರಿನಿಂದ ಒಮ್ಮೆ ತಟ್ಟಿ ಕಿವಿಗೆ ಹಿಡಿಯುವರು. ಕಾಫಿ ಲೋಟ, ಬಾಗಿಲ ಚಿಲಕ, ಯಾರದೋ ಬಳೆ. ಓದುತ್ತಿದ್ದಾಗ ಚರ್ಚಾಸ್ಪರ್ಧೆಯಲ್ಲಿ ನಾನು ಮೊದಲ ಸಲ ಗೆದ್ದ ಕಪ್ಪನ್ನು ತೋರಿಸಲು ಹೋದಾಗಲೂ ತಟ್ಟಿ ಕೇಳಿದರು. "ಬರೀ ತಗಡು ಕಣಮ್ಮಿ. ಆದ್ರೂ ಸದ್ದು ಜೋರಾಗೈತೆ, ನಿನ್ನಂಗೆ," ಎಂದು ವಾಪಸ್ಸು ಕೊಟ್ಟರು.

ಊರಲ್ಲಿ ಯಾರಾದರೂ ತೀರಿಕೊಂಡರೆ ಹೆಣದ ಬಾಯಿಗೆ ಹಾಕಲು ಒಂದು ಚೂರು ಚಿನ್ನ ಬೇಕು. ಅದಕ್ಕೆ ಪಕ್ಕದ ಕಿರಂಗೂರಿನವರೂ ಅವರ ಬಾಗಿಲಿಗೇ ಬರುತ್ತಿದ್ದರು. ಎಳ್ಳಿನಷ್ಟು ಕತ್ತರಿಸಿ, ವೀಳ್ಯದೆಲೆಯ ಮೇಲಿಟ್ಟು ಕೊಡುವರು. "ಸರಿ ಇಲ್ಲ ಅಂತ ಯಾರೂ ವಾಪಸ್ ತರ್ದೆ ಇರೋ ಒಡವೆ ಇದೊಂದೇಯ," ಎಂದು ನಗುವರು. ಆ ನಗು ನನಗೆ ಹಿಡಿಸುತ್ತಿರಲಿಲ್ಲ. ಬಾಯಿ ತೆರೆಯದೆ ನಗುತ್ತಿದ್ದರು.

ಶೋರೂಮಿನ ರೆಡಿಮೇಡ್ ಒಡವೆಗಳು ಬಂದ ಮೇಲೆ ಕೆಲಸ ಕಡಿಮೆಯಾಗಿ, ಮೂಗುಬೊಟ್ಟು ಮತ್ತು ಮುರಿದ ಕೊಂಡಿಗಳಿಗೆ ಇಳಿಯಿತು. ಬಿಡುವಾದ ಕೈಗೆ ಮೊಬೈಲ್ ಬಂತು. ಅದರಲ್ಲಿ ಏನು ನೋಡಿದರೋ, ಯಾರ ಮಾತು ಕೇಳಿದರೋ, ಮನೆಯಲ್ಲಿದ್ದ ಚಿನ್ನವನ್ನೆಲ್ಲ ಒಂದೊಂದಾಗಿ ಮಾರಿ ಬಿಟ್‌ಕಾಯಿನ್ ಕೊಂಡರು. ಅಕ್ಕಸಾಲಿಗ ಚಿನ್ನ ಮಾರಿ ಗಾಳಿ ಕೊಂಡ ಎಂದು ನಾನು ಆಡಿಕೊಂಡೆ. ಜಗಳಕ್ಕೇ ಹೋದೆ.

"ಆಚಾರ್ರೆ, ಅದನ್ನ ಮುಟ್ಟೋಕಾಗಲ್ಲ, ಕರಗಿಸೋಕಾಗಲ್ಲ. ಇಲ್ಲದ ವಸ್ತು ಅದು."

"ಇಲ್ದೆ ಇರೋದ್ನ ಕಳ್ಕೊಳಕ್ಕಾಯ್ತದಾ?"

"ಆಗಲ್ಲ."

"ಮತ್ತೆ ಜನ ಕಳ್ಕಂಡು ಅಳ್ತಾವ್ರಲ್ಲ ಮೊಬೈಲಲ್ಲಿ. ಐತೆ ಅಂತಾಯ್ತು ಬುಡು."

ಇದು ವಾದವಲ್ಲ, ಕುಯುಕ್ತಿ. ತೀರ್ಪುಗಾರರ ಮುಂದೆ ಹೀಗೆ ಮಾತಾಡಿದರೆ ಅಂಕ ಹೋಗುತ್ತದೆ. ಅವರನ್ನು ಸೋಲಿಸಲೇಬೇಕೆಂದು ಮನೆಗೆ ಹೋಗಿ ಆ ವಿಷಯ ಓದಿದೆ. ಓದಿದ ಮೇಲೆ ಅದರ ಬೆಲೆಯ ಬಗ್ಗೆ ನನ್ನ ಅಭಿಪ್ರಾಯ ಬದಲಾಗಲಿಲ್ಲ, ಆದರೆ ಇನ್ನೊಂದು ವಿಷಯಕ್ಕೆ ಹೆದರಿಕೆಯಾಯಿತು. ಬ್ಯಾಂಕಿನಲ್ಲಾದರೆ ಪಾಸ್‌ಬುಕ್ ಕಳೆದರೆ ಮ್ಯಾನೇಜರ್ ಇದ್ದಾನೆ. ಇಲ್ಲಿ ಯಾರೂ ಇಲ್ಲ. ಆ ಹಣವಿಡುವ ವ್ಯಾಲೆಟ್ ಎಂಬ ಖಾತೆ ಮಾಡಿಕೊಳ್ಳುವಾಗ ಫೋನು ಹನ್ನೆರಡು ಇಂಗ್ಲಿಷ್ ಪದಗಳನ್ನು ತೋರಿಸುತ್ತದೆ. ಆ ಪದಗಳು, ಆ ಕ್ರಮದಲ್ಲಿ, ಯಾರ ಕೈಯಲ್ಲಿವೆಯೋ ಹಣ ಅವರದು. ಫೋನು ಒಡೆದರೆ ಚಿಂತೆಯಿಲ್ಲ, ಪದಗಳಿದ್ದರೆ ಇನ್ನೊಂದು ಫೋನಿನಲ್ಲಿ ಎಲ್ಲ ವಾಪಸ್ಸು ಬರುತ್ತದೆ. ಪದ ಕಳೆದು ಫೋನೂ ಹೋದರೆ ಯಾವ ಬಾಗಿಲು ತಟ್ಟಿದರೂ ತೆರೆಯುವವರಿಲ್ಲ.

"ನಿಮ್ಮ ಪದಗಳು ಎಲ್ಲಿವೆ?" ಎಂದು ಕೇಳಿದೆ. ಹೆಮ್ಮೆಯಿಂದ ಫೋನಿನ ಗ್ಯಾಲರಿ ತೆರೆದರು. ಸ್ಕ್ರೀನ್‌ಶಾಟ್ ತೆಗೆದಿಟ್ಟಿದ್ದರು, ಅಕ್ಕನ ಹುಟ್ಟುಹಬ್ಬದ ಫೋಟೋ ಪಕ್ಕದಲ್ಲಿ. ಗ್ಯಾಲರಿಯ ಫೋಟೋಗಳೆಲ್ಲ ತಾವಾಗೇ ಇಂಟರ್‌ನೆಟ್ಟಿಗೆ ಏರುತ್ತವೆ, ಇದು ಬೀಗದ ಕೈಯನ್ನು ಬೀದಿ ಕಂಬಕ್ಕೆ ನೇತು ಹಾಕಿದ ಹಾಗೆ ಎಂದು ಬೈದೆ. ನಗುತ್ತಲೇ ಕಾಗದಕ್ಕೆ ನಕಲು ಮಾಡಿಕೊಂಡು ಅಳಿಸಿದರು. ಆದರೆ ಕೆಲವೇ ದಿನಕ್ಕೆ ನಾನು ಅವರ ಜಗುಲಿ ಹತ್ತುವಾಗ ಒಳಗಿನಿಂದ ಅವರ ದನಿ ಕೇಳಿಸಿತು, ನಿಧಾನವಾಗಿ ಒಂದೊಂದೇ ಇಂಗ್ಲಿಷ್ ಅಕ್ಷರ ಓದುತ್ತಿದ್ದರು. ಫೋನಿನ ಆ ಕಡೆ ಯಾವನೋ ಕಂಪನಿಯ ಸಹಾಯವಾಣಿಯವನಂತೆ, ವ್ಯಾಲೆಟ್ ಪರಿಶೀಲನೆಗೆ ಪದಗಳನ್ನು ಹೇಳಿ ಎಂದಿದ್ದಾನೆ. ನಾನು ಫೋನ್ ಕಿತ್ತುಕೊಂಡು ಕಟ್ ಮಾಡಿದೆ.

"ಯಾಕಮ್ಮಿ, ಪಾಪ ಮರ್ಯಾದಸ್ತ, ಸಾರ್ ಸಾರ್ ಅಂತಿದ್ದ."

"ಆ ಪದಗಳನ್ನ ಕೇಳೋ ಹಕ್ಕು ಈ ಭೂಮಿ ಮೇಲೆ ಯಾರಿಗೂ ಇಲ್ಲ ಆಚಾರ್ರೆ. ಕೇಳಿದ ಅಂದ್ರೆ ಕಳ್ಳ, ಅಷ್ಟೇ. ಹೊರಗೆ ಬಿದ್ದ ಪದ ಇನ್ನು ಕೆಲಸಕ್ಕೆ ಬಾರದು. ಹೊಸ ವ್ಯಾಲೆಟ್ ಮಾಡಿ ಎಲ್ಲ ಅದಕ್ಕೆ ಸಾಗಿಸಿ. ಈಗಲೇ."

ಮಾಡಿದರು. ಮುಗಿದ ಮೇಲೆ ಎದುರಿನ ಗೋಡೆಯನ್ನು ಉಗುರಿನಿಂದ ತಟ್ಟಿದರು. ಆಮೇಲೆ ತಮ್ಮ ತಾಯಿಯ ವಿಷಯ ಹೇಳಿದರು.

ನಾಗಮಂಗಲದ ಮನೆಯಲ್ಲಿ ಅವರ ತಂದೆ ದುಡಿದ ಚಿನ್ನವನ್ನೆಲ್ಲ ಗೋಡೆಯೊಳಗೆ ಎಲ್ಲೋ ಇಟ್ಟು ಮೆತ್ತಿದ್ದರು. ಎಲ್ಲಿ ಎಂದು ಹೆಂಡತಿಗೂ ಹೇಳಿರಲಿಲ್ಲ. ಒಂದು ದಿನ ಊಟಕ್ಕೆ ಕೂತವರು ಎಲೆಯ ಮೇಲೇ ಬಾಗಿ ಪ್ರಾಣ ಬಿಟ್ಟರು. ಅವತ್ತಿನಿಂದ ಆ ತಾಯಿ ದಿನಾ ಮಧ್ಯಾಹ್ನ, ಮನೆಗೆಲಸ ಮುಗಿದ ಮೇಲೆ, ಗೋಡೆಗೆ ಕಿವಿಯಿಟ್ಟು ತಟ್ಟುತ್ತಾ ಹೋಗುವರು. ಟೊಳ್ಳು ಎಲ್ಲಿದೆ ಎಂದು. ಒಂದು ಗೋಡೆ ಮುಗಿದರೆ ಇನ್ನೊಂದು, ಎಲ್ಲ ಮುಗಿದರೆ ಮತ್ತೆ ಮೊದಲಿನಿಂದ. ಕೂದಲು ನೆರೆಯಿತು, ಬಲಗಿವಿಯ ಮೇಲೆ ಜಡ್ಡು ಕಟ್ಟಿತು. ತಟ್ಟುತ್ತಲೇ ತೀರಿಕೊಂಡರು. ಮನೆ ಕೊಂಡವರು ಅದನ್ನು ಕೆಡವಿದಾಗ ಏನಾದರೂ ಸಿಕ್ಕಿತೋ ಇಲ್ಲವೋ, ಸಿಕ್ಕವರು ಹೇಳುವುದುಂಟೇ.

"ನಮ್ಮವ್ವ ಗೋಡೆ ಕುಟೆ ಮಾತಾಡ್ತಾಳೆ ಅಂತಿದ್ರು ಊರೋರು," ಎಂದರು ಆಚಾರ್ರು. "ಮಾತಾಡ್ತಿರ್ಲಿಲ್ಲ ಕಣಮ್ಮಿ. ಕೇಳುಸ್ಕತಿದ್ಲು. ಊಟಕ್ಕೆ ಕೂಗುದ್ರೆ ಉಸ್ಸ್ ಅನ್ನೋಳು. ಯಾರೋ ಒಳ್ಗಿಂದ ಯೋಳ್ತಾವ್ರೆ ಅನ್ನಂಗೆ." ಒಳಗೆ ಪಾತ್ರೆ ತೊಳೆಯುತ್ತಿದ್ದ ಅಕ್ಕನ ಕಡೆ ಕಣ್ಣು ಹಾಯಿಸಿದರು. "ಇವ್ಳು ಅಂಗಾಗ್ಬಾರ್ದು. ದುಡ್ಡು ಬೇಕಾದ್ರೆ ಓಗ್ಲಿ."

ಅಂದಿನಿಂದ ನಮ್ಮ ವಾದದ ವಿಷಯ ಬದಲಾಯಿತು. ಬಿಟ್‌ಕಾಯಿನ್ ಉಂಟೋ ಇಲ್ಲವೋ ಎಂಬುದು ಬಿಟ್ಟುಹೋಯಿತು. ಆಚಾರ್ರು ಇಲ್ಲದ ದಿನ ಅಕ್ಕನಿಗೆ ಅದು ಸಿಗುತ್ತದೋ ಇಲ್ಲವೋ, ಅಷ್ಟೇ ಪ್ರಶ್ನೆ.

ಕಾಗದ ಗೆದ್ದಲು ತಿನ್ನುತ್ತದೆ, ಕಾವೇರಿ ಏರಿದರೆ ನೆನೆಯುತ್ತದೆ ಎಂದು ತಾಮ್ರದ ತಗಡಿಗೆ ಹೋದರು. ಅವರಿಗೆ ಇಂಗ್ಲಿಷ್ ಪದ ಕೂಡಿಸಿ ಓದಲು ಬಾರದು, ಆದರೆ ಉಂಗುರಗಳ ಮೇಲೆ ಹೆಸರಿನ ಅಕ್ಷರ ಕೆತ್ತಿ ಕೆತ್ತಿ ಒಂದೊಂದರ ಆಕಾರ, ಹೆಸರು ಗೊತ್ತಿತ್ತು. ಅಚ್ಚಿಟ್ಟು ಸುತ್ತಿಗೆಯಿಂದ ಒಂದೊಂದೇ ಅಕ್ಷರ ಹೊಡೆದರು. ನಾನು ನೋಡಬಾರದೆಂದು ನಾನೇ ಹಟ ಹಿಡಿದು ಬೀದಿ ಕಡೆ ಮುಖ ಮಾಡಿ ಕೂತೆ. ಸ್ವಲ್ಪ ಹೊತ್ತಿಗೆ, "ಆಚಾರ್ರೆ, ಪೆಟ್ಟಿನ ಸದ್ದಿನಲ್ಲೇ ಯಾವ ಪದಕ್ಕೆ ಎಷ್ಟು ಅಕ್ಷರ ಅಂತ ಗೊತ್ತಾಗ್ತಿದೆ," ಎಂದೆ. ಹಿಂದೆ ಸದ್ದು ನಿಂತಿತು. ಆಮೇಲೆ ಮತ್ತೆ ಶುರುವಾಯಿತು, ಈ ಸಲ ನಡುನಡುವೆ ಬರೀ ದಿಮ್ಮಿಗೂ ಪೆಟ್ಟು ಸೇರಿಸಿ. ಯಾವುದು ಅಕ್ಷರ, ಯಾವುದು ಸುಳ್ಳು ಎಂದು ತಿಳಿಯದ ಹಾಗೆ. ಎರಡು ತಗಡು ಮಾಡಿದರು. ಒಂದು ಈ ಮನೆಯಲ್ಲಿ. ಇನ್ನೊಂದನ್ನು ಮೇಣದ ಬಟ್ಟೆಯಲ್ಲಿ ಹೊಲಿದು ಕ್ಯಾತನಹಳ್ಳಿಯಲ್ಲಿದ್ದ ಅಕ್ಕನ ತವರಿನಲ್ಲಿ ಇಟ್ಟರು. ಒಂದು ಮನೆಗೆ ಬೆಂಕಿ ಬಿದ್ದರೆ ಇನ್ನೊಂದು ಇರಲಿ ಎಂದು.

ಅಲ್ಲಿಗೆ ನಿಲ್ಲಬೇಕಿತ್ತು. ಆದರೆ ನಾನು, ಕೊನೆಯ ಮಾತು ನನ್ನದಾಗಲಿ ಎಂಬ ಚಟದವಳು, "ತೆಗೆದು ನೋಡದ ಬ್ಯಾಕಪ್ ಬ್ಯಾಕಪ್ಪೇ ಅಲ್ಲ," ಎಂದುಬಿಟ್ಟೆ. "ನಿಮ್ಮನ್ನ ಏನೂ ಕೇಳದೆ ಅಕ್ಕ ವ್ಯಾಲೆಟ್ ತೆಗೀಬಲ್ಲರಾ? ಅದು ಪರೀಕ್ಷೆ."

"ನನ್ನ ಕೇಳ್ದೆ," ಎಂದು ಆಚಾರ್ರು ಆ ಮಾತನ್ನು ತಟ್ಟಿ ನೋಡಿದಂತೆ ಮತ್ತೆ ಹೇಳಿದರು.

ಅಮಾವಾಸ್ಯೆಯ ದಿನ ಅಕ್ಕಸಾಲಿಗರು ಅಗ್ಗಿಷ್ಟಿಕೆ ಹೊತ್ತಿಸುವುದಿಲ್ಲ, ಆಯುಧ ಮುಟ್ಟುವುದಿಲ್ಲ. ಆ ರಜೆಯ ಮಧ್ಯಾಹ್ನ ನನ್ನನ್ನು ಕರೆಸಿದರು. ಬೀದಿ ಬಾಗಿಲು ಮುಚ್ಚಿತ್ತು. ಕೆಲಸದ ಕೋಣೆಯಲ್ಲಿ ತಲೆಯನ್ನು ದಕ್ಷಿಣಕ್ಕೆ ಹಾಕಿ ಮಲಗಿದ್ದರು. ಎದೆಯ ಮೇಲೆ ಕೈ. ಮಲಗುವ ಮುಂಚೆ ಎಳ್ಳಿನಷ್ಟು ಚಿನ್ನದ ಚೂರನ್ನು ನಾಲಗೆಯ ಕೆಳಗೆ ಇಟ್ಟುಕೊಂಡಿದ್ದರಂತೆ. ಮಾತಾಡಿದರೆ ಚೂರು ಗಂಟಲಿಗೆ ಜಾರುತ್ತದೆ, ಹಾಗಾಗಿ ಮಾತಾಡುವಂತಿಲ್ಲ. ಅಕ್ಕ ತಗಡು ತೆಗೆದು, ಬೇರೆ ಯಾವುದಕ್ಕೂ ಬಳಸದ ಒಂದು ಹಳೆಯ ಫೋನಿಗೆ ಹನ್ನೆರಡೂ ಪದ ಹಾಕಿ, ವ್ಯಾಲೆಟ್ ತೆರೆದದ್ದನ್ನು ನೋಡಿ, ಫೋನನ್ನು ಮತ್ತೆ ಖಾಲಿ ಮಾಡಿ, ತಗಡನ್ನು ಇದ್ದಲ್ಲಿಟ್ಟು, ಕೊನೆಗೆ ಅವರ ಬಾಯಿಯಿಂದ ಚೂರು ತೆಗೆಯಬೇಕು. ಆಗ ಎದ್ದೇಳುವರು. ನನ್ನ ಕೆಲಸ ಬಾಗಿಲ ಕಡೆ ಮುಖ ಮಾಡಿ ಕೂತು, ಅಕ್ಕ ಅವರನ್ನು ಏನೂ ಕೇಳದಂತೆ ನೋಡಿಕೊಳ್ಳುವುದು.

"ಇದೇನ್ರೀ ಅನಿಷ್ಟದ ಆಟ, ಏಳಿ ಮೇಲೆ," ಎಂದು ಅಕ್ಕ ಮೊದಲ ಸಲ ರೇಗಿದರು. ಆಚಾರ್ರು ಏಳಲಿಲ್ಲ. ಅಕ್ಕ ಕಾಲು ಹಿಡಿದು ಅಲ್ಲಾಡಿಸಿದರು. ಅಲ್ಲಾಡಿದ ಕಾಲು ಅಲ್ಲಾಡಿದಲ್ಲೇ ನಿಂತಿತು. ನಾನು ನಗುತ್ತಾ ತಿರುಗಿ ನೋಡಿದೆ. ಕಣ್ಣು ಅರ್ಧ ತೆರೆದಿತ್ತು, ರೆಪ್ಪೆ ಬಡಿಯುತ್ತಿರಲಿಲ್ಲ. ಒಂದು ನೊಣ ತುಟಿಯ ಮೇಲೆ ನಡೆದು, ಮೂಗಿನ ಹತ್ತಿರ ಹೋಗಿ, ಮತ್ತೆ ತುಟಿಗೆ ಬಂತು. ನಗು ನಿಂತಿತು. ಎದ್ದು ಒರೆಗಲ್ಲನ್ನು ಅವರ ಮೂಗಿನ ಕೆಳಗೆ ಹಿಡಿದೆ. ಆ ಕಪ್ಪು ಕಲ್ಲಿನ ಮೇಲೆ ಮಂಜು ಕೂರಲಿಲ್ಲ.

ಅದಕ್ಕೆ ವಿವರಣೆ ಇದೆ. ಜೀವನಪೂರ್ತಿ ಊದುಗೊಳವೆ ಊದಿದವರಿಗೆ ಉಸಿರನ್ನು ಹಿಡಿಯುವುದು, ದಾರದಷ್ಟು ತೆಳ್ಳಗೆ ಬಿಡುವುದು ಅಭ್ಯಾಸ. ಮನೆಗೆ ಬಂದು ಅಮ್ಮನಿಗೆ ಹಾಗೇ ಹೇಳಿದೆ. ಅಮ್ಮ, "ಅಂಗಾದ್ರೆ ನೀನ್ಯಾಕೆ ಬೆವರ್ತಿದ್ದೀಯ?" ಎಂದರು.

ಅಮಾವಾಸ್ಯೆಗಳು ಬಂದವು, ಹೋದವು; ಪ್ರತಿ ಸಲ ಕಾಲೇಜಿಗೆ ರಜೆ ಹಾಕಿ ನಾನು ಬಾಗಿಲ ಬಳಿ ಕೂತೆ. ಒಮ್ಮೆ ಅಕ್ಕ ತಡವರಿಸುತ್ತಾ ಅಕ್ಷರ ಒತ್ತುತ್ತಿದ್ದಾಗ ಗೋಡೆಯ ಒಳಗಿಂದ ಸದ್ದು ಬಂತು. ಉಗುರಿನಿಂದ ತಟ್ಟಿದ ಹಾಗೆ, ಸ್ವಲ್ಪ ನಿಂತು, ಸ್ವಲ್ಪ ಪಕ್ಕಕ್ಕೆ ಸರಿದು ಮತ್ತೆ. ಆಚಾರ್ರ ಎರಡೂ ಕೈ ಎದೆಯ ಮೇಲಿದ್ದವು, ನಾನು ನೋಡಿದೆ. ಆಮೇಲೆ ಎದ್ದು ಕೂತವರು ಕಾಫಿಯನ್ನೂ ಮುಟ್ಟದೆ ನನ್ನನ್ನು ಕೇಳಿದರು, "ನೀನೂ ಕೇಳುಸ್ಕೊಂಡ್ಯಾ?"

ಇಲಿ ಎಂದೆ. ಬಿಸಿಲಿಗೆ ಕಾದ ಹಳೆಯ ಗೋಡೆ ತಣ್ಣಗಾಗುವ ಸದ್ದು ಎಂದೆ. ಪಕ್ಕದ ಮನೆಯಲ್ಲಿ ಏನೋ ಕುಟ್ಟುತ್ತಿರಬೇಕು ಎಂದೆ. ಒಂದು ಗಟ್ಟಿ ಕಾರಣ ಇರುವವರು ಮೂರು ಕೊಡುವುದಿಲ್ಲ. ಚರ್ಚಾಕೂಟದಲ್ಲಿ ನಾನು ಎದುರಾಳಿಗಳನ್ನು ಹಿಡಿಯುತ್ತಿದ್ದದ್ದೇ ಆ ಜಾಗದಲ್ಲಿ. ಆಚಾರ್ರು ಗೋಡೆಯ ಕಡೆ ನೋಡಿ, "ಸಿಕ್ಕದೆ ಇರೋದು ಬಲು ಕಷ್ಟ ಕಣವ್ವ," ಎಂದರು. ಆ 'ಅವ್ವ' ನನಗೆ ಹೇಳಿದ್ದು ಎಂದು ನಾನು ಆಗ ಅಂದುಕೊಂಡೆ.

ಅಕ್ಕ ಬದಲಾದದ್ದು ನಿಧಾನವಾಗಿ. ರೇಗುವುದು ನಿಂತಿತು. ಅಕ್ಷರಗಳ ಆಕಾರ ಕೈಗೆ ಬಂತು, ನಾಲ್ಕು ಅಕ್ಷರ ಒತ್ತಿದರೆ ಉಳಿದದ್ದು ಫೋನೇ ತೋರಿಸುತ್ತದೆ ಎಂಬುದೂ ತಿಳಿಯಿತು. ಮೊದಮೊದಲು ಗಂಡನ ಸುತ್ತ ಬಳಸಿಕೊಂಡು ಹೋಗುತ್ತಿದ್ದವರು, ಆಮೇಲಾಮೇಲೆ ದಾಟಿಕೊಂಡು ಹೋಗತೊಡಗಿದರು. ಒಂದು ಅಮಾವಾಸ್ಯೆ ಎಲ್ಲ ಮುಗಿಸಿ, ತಗಡು ಇಟ್ಟು ಬಂದು, ಅವರ ಬಾಯಿಗೆ ಕೈ ಹಾಕದೆ ಅಡುಗೆಮನೆಗೆ ಹೋದರು. ಒಗ್ಗರಣೆಯ ವಾಸನೆ ಬಂತು. ನಾನು ಕಾದೆ.

"ಅಕ್ಕ, ಎಬ್ಬಿಸಿ ಅವರನ್ನ."

"ಇರ್ಲಿ ಬುಡಮ್ಮಿ," ಎಂದರು ಒಲೆಯ ಮುಂದಿನಿಂದ. "ವಸಿ ಅಭ್ಯಾಸ ಆಗ್ಲಿ ನಂಗೆ."

ಆಚಾರ್ರಿಗೆ ಆ ಮಾತು ಕೇಳಿಸದಿರಲು ಸಾಧ್ಯವೇ ಇಲ್ಲ. ಅವರ ಮುಖದಲ್ಲಿ ಒಂದು ಗೆರೆ ಅಲ್ಲಾಡಲಿಲ್ಲ. ಅನ್ನ ಬೆಂದು, ಸಾರು ಇಳಿದು, ಅಕ್ಕ ಕೈ ಒರೆಸಿಕೊಂಡು ಬಂದು ಚೂರು ತೆಗೆದಾಗ ಎದ್ದು ಕೂತರು. ಅವರು ಅಷ್ಟು ಸಂತೋಷವಾಗಿದ್ದದ್ದನ್ನು ನಾನು ಬೇರೆ ಯಾವತ್ತೂ ನೋಡಿಲ್ಲ. "ಈಗ ಸರೋಯ್ತು," ಎಂದರು. "ಇನ್ ನಾನ್ ಓದ್ರೂ ಪರವಾಗಿಲ್ಲ."

ಹೋದರು. ಆ ದಿನ ನಡೆದದ್ದನ್ನು ಅಕ್ಕ ನನಗೊಬ್ಬಳಿಗೇ ಹೇಳಿದ್ದಾರೆ. ಮಧ್ಯಾಹ್ನ ಊಟಕ್ಕೆ ಕರೆಯಲು ಬಂದಾಗ ಆಚಾರ್ರು ದಿಮ್ಮಿಯ ಪಕ್ಕ ಚಾಪೆಯ ಮೇಲೆ ಮಲಗಿದ್ದರು. ಅಗ್ಗಿಷ್ಟಿಕೆ ಇನ್ನೂ ಕೆಂಪಗಿತ್ತು.

"ಅಮಾಸೆ ಅಲ್ಲ ಅಂತ ನಂಗೂ ಗೊತ್ತಿತ್ತು. ದಿನ ಬದ್ಲಾಯ್ಸಿ ನನ್ ಪರೀಕ್ಸೆ ಮಾಡ್ತಾವ್ರೆ ಅಂದ್ಕಂಡೆ. ಕೂಗ್ನಿಲ್ಲ ಕಣಮ್ಮಿ. ಏನೂ ಕೇಳ್ಬಾರ್ದಲ್ಲ. ತಗಡು ತಗುದು, ಎಲ್ಲಾ ಒತ್ತಿ, ತಗುದು ನೋಡಿ, ಅಳ್ಸಿ ಇಟ್ಬುಟ್ಟು ಬಂದೆ. ಆಮೇಕೆ ಬಾಯಿಗೆ ಬೆರಳಾಕಿ ಚೂರು ಉಡುಕುದೆ. ನಾಲ್ಗೆ ಕೆಳ್ಗೆ ಇರ್ಲಿಲ್ಲ. ಕೆನ್ನೆ ಒಳ್ಗೂ ಉಡುಕುದೆ. ಎಲ್ಲೂ ಇಲ್ಲ. ಆಗ ಗೊತ್ತಾಯ್ತು."

ಡಾಕ್ಟರು ಬಂದು ನೋಡಿ, ಮಲಗಿದ ಗಳಿಗೆಯಲ್ಲೇ ಜೀವ ಹೋಗಿದೆ, ಯಾರೇನೂ ಮಾಡುವಂತಿರಲಿಲ್ಲ ಎಂದರು. ನಾನು ಆ ಮಾತಿಗೆ ಆಧಾರ ಕೇಳಲಿಲ್ಲ. ನಾನು ಪ್ರಶ್ನಿಸದೆ ಒಪ್ಪಿಕೊಂಡ ಮಾತು ಅದೊಂದೇ.

ನಾಗಮಂಗಲದಿಂದ ಅವರ ಅಣ್ಣ ಬಂದರು. ಕಾರ್ಯವೆಲ್ಲ ಮುಗಿಯುವವರೆಗೂ ಗಂಭೀರವಾಗಿದ್ದು, ಜನ ಹೋದ ಮೇಲೆ ಅಗ್ಗಿಷ್ಟಿಕೆಯನ್ನು ಸರಿಸಿ ಅದರ ಕೆಳಗೆ ಬಗೆದರು. ಆಮೇಲೆ ಗೋಡೆಗೆ ಕಿವಿಯಿಟ್ಟು ತಟ್ಟತೊಡಗಿದರು. ತಲೆ ಒಂದು ಪಕ್ಕಕ್ಕೆ ವಾಲಿಸಿ, ಉಸಿರು ಬಿಗಿಹಿಡಿದು. ಅಕ್ಕ ಬಾಗಿಲಲ್ಲಿ ನಿಂತು ನೋಡಿದರು.

"ಎಲ್ಲಿಟ್ಟವ್ನೆ ಯೋಳವ್ವ. ಅವನು ಅಪ್ಪನ ಮಗ. ಎಲ್ಲೋ ಇಟ್ಟಿರ್ತನೆ."

"ಗೋಡೇಲಿ ಏನೂ ಇಲ್ಲ ಬಾವ," ಎಂದರು ಅಕ್ಕ. "ಊಟ ಮಾಡ್ಕಂಡು ಓಗಿ."

ಅದು ನಿಜವೇ ಆಗಿತ್ತು. ತಗಡು ಇದ್ದದ್ದು ಗೋಡೆಯಲ್ಲಲ್ಲ. ಆಚಾರ್ರು ಏನನ್ನು ತಡೆಯಬೇಕೆಂದಿದ್ದರೋ ಅದನ್ನು ತಡೆದಿದ್ದರು. ಅಕ್ಕ ಯಾವ ಗೋಡೆಗೂ ಕಿವಿ ಕೊಡಬೇಕಿರಲಿಲ್ಲ, ಯಾರ ಮುಂದೆಯೂ ಕೈ ಚಾಚಬೇಕಿರಲಿಲ್ಲ. ಕೋಣೆಯ ಮಧ್ಯದಲ್ಲಿ ನಿಂತು ಬಾವನಿಗೆ ಮಜ್ಜಿಗೆ ಬಡಿಸಿದರು.

ಹಾಗೆ ನೋಡಿದರೆ ಆಚಾರ್ರ ಈ ವ್ಯಕ್ತಿಚಿತ್ರ ಇಲ್ಲಿಗೆ ಮುಗಿಯಬೇಕು. ಆದರೆ ಮುಂದಿನ ಅಮಾವಾಸ್ಯೆ ಅಕ್ಕ ನನ್ನನ್ನು ಕರೆದರು. ಕೋಣೆ ಗುಡಿಸಿ ಸಾರಿಸಿದ್ದರು. ಹಳೆಯ ಫೋನು ಚಾಪೆಯ ಮೇಲಿತ್ತು.

"ನಂಗೂ ಹಿಂದೆ ಯಾರಾರ ಬೇಕಲ್ಲ," ಎಂದರು. "ನಾನೂ ಓದ್ರೆ ಅದು ಎಲ್ಲಿಗೋಯ್ತದೆ? ಅವ್ರು ಇಷ್ಟ್ ಮಾಡಿದ್ದು ನೀರಲ್ಲೋಯ್ತದೆ."

ನಾನು ಎಷ್ಟೋ ಹೇಳಿದೆ. ನಾನು ರಕ್ತಸಂಬಂಧಿಯಲ್ಲ, ಇದಕ್ಕೆ ಕಾನೂನಿದೆ, ವಿಲ್ ಬರೆಸೋಣ ಎಂದೆ. ತವರಿನಲ್ಲಿರುವ ನಿಮ್ಮ ತಂಗಿಗೆ ಹೇಳಿ ಎಂದೆ. ಗುಟ್ಟು ಗೊತ್ತಿರುವ ಒಬ್ಬೊಬ್ಬರು ಹೆಚ್ಚಿದಷ್ಟೂ ಅಪಾಯ ಹೆಚ್ಚು ಎಂದೆ. ಕೊನೆಗೆ, "ಆ ದುಡ್ಡು ಇದೆ ಅಂತಲೇ ನಾನು ನಂಬಲ್ಲ ಅಕ್ಕ," ಎಂದೆ.

"ಅದಕ್ಕೇಯ ನೀನು. ನಂಬೋರು ಕದೀತಾರೆ."

ಬೇಡ ಬೇಡ ಎನ್ನುತ್ತಿದ್ದಂತೆಯೇ ನನ್ನ ಕಿವಿಯ ಹತ್ತಿರ ಬಗ್ಗಿ ತಗಡು ಎಲ್ಲಿದೆ ಎಂದು ಹೇಳಿಬಿಟ್ಟರು. ಆಮೇಲೆ ಪಕ್ಕದಲ್ಲಿದ್ದ ವೀಳ್ಯದೆಲೆಯ ಮೇಲಿಂದ ಏನನ್ನೋ ಎತ್ತಿ ಬಾಯಿಗೆ ಹಾಕಿಕೊಂಡು, ಆಚಾರ್ರು ಮಲಗುತ್ತಿದ್ದ ಜಾಗದಲ್ಲೇ ಮಲಗಿದರು. ಕೈ ಎದೆಗೆ ಬಂತು. ನಾನು ಇನ್ನೊಂದು ಆಕ್ಷೇಪ ಶುರು ಮಾಡಿದ್ದೆ, ಅರ್ಧಕ್ಕೆ ನಿಲ್ಲಿಸಿದೆ. ಆ ಮುಖ ಆಗಲೇ ಬೇರೆಯಾಗಿತ್ತು. ಆಚಾರ್ರಿಗಿಂತ ಇವರು ಚೆನ್ನಾಗಿ ಮಾಡಿದರು.

ಎದ್ದು ಹೋಗಿ ತಗಡು ತೆಗೆದೆ. ಅಂಗೈಯಷ್ಟಿತ್ತು, ತಣ್ಣಗಿತ್ತು. ಹನ್ನೆರಡು ಸಾಮಾನ್ಯ ಪದಗಳು, ಮಕ್ಕಳ ಪುಸ್ತಕದಲ್ಲಿ ಇರುವಂಥವು. ಕೆಲವು ಅಕ್ಷರ ಆಳಕ್ಕೆ ಇಳಿದಿದ್ದವು, ಕೆಲವು ವಾಲಿದ್ದವು. ಓದಲು ಬಾರದ ಮನುಷ್ಯ ಆಕಾರವನ್ನೇ ನಂಬಿ ಹೊಡೆದ ಪೆಟ್ಟುಗಳು. ಒಂದೊಂದಾಗಿ ಒತ್ತಿದೆ. ಒಂದು ಪದ ತಪ್ಪಿತು, ಮತ್ತೆ ಒತ್ತಿದೆ. ಮನೆಯಲ್ಲಿ ಎಲ್ಲೂ ಸದ್ದಿರಲಿಲ್ಲ. ವ್ಯಾಲೆಟ್ ತೆರೆಯಿತು. ನೋಡಿ, ಫೋನನ್ನು ಖಾಲಿ ಮಾಡಿ, ತಗಡು ಇಟ್ಟು ಬಂದು, ಅಕ್ಕನ ಪಕ್ಕ ಮಂಡಿಯೂರಿ, ಬೆರಳನ್ನು ಅವರ ನಾಲಗೆಯ ಕೆಳಗೆ ಹಾಕಿದೆ. ಚೂರು ಸಿಕ್ಕಿತು.

ಅಕ್ಕ ಕಣ್ಣು ಬಿಟ್ಟು, ಏಳದೆ, ನನ್ನನ್ನೇ ನೋಡುತ್ತಾ ಮಲಗಿದ್ದರು. ಆಮೇಲೆ ಸೆರಗಿನ ತುದಿಯಿಂದ ನನ್ನ ಗಲ್ಲ ಒರೆಸಿದರು.

"ತಡ ಮಾಡ್ಬುಟ್ಟೆ," ಎಂದರು. "ಮುಂದಿನ್ ಸಲ ಅಳ್ಬೇಡ ಕಣಮ್ಮಿ. ಅಕ್ಸರ ಕಾಣಾಕಿಲ್ಲ."